ವಿಳಾಸ ಇದ್ದರೆ ಸಾಕೇ?

ಈ ಸಲ ಒಂದು ತಪ್ಪಿನ ಕತೆಯಿಂದ ಶುರು ಮಾಡ್ತೀನಿ. ತಪ್ಪು ನನ್ನದೇ.

ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ. ಹಗಲೆಲ್ಲ ಡೇಟಾ ಸೈನ್ಸ್ ಕೆಲಸ. ವಾರಾಂತ್ಯದಲ್ಲಿ ಇಲ್ಲಿನ ಕನ್ನಡಿಗರ ಒಂದು ಬಳಗಕ್ಕೆ ಕೈಲಾದ ಸಹಾಯ. "ನೀನು ಕಂಪ್ಯೂಟರ್ ಹುಡುಗ, ಮೇಲ್ ಕಳಿಸೋ ಕೆಲಸ ನೀನೇ ನೋಡ್ಕೋ" ಅಂತ ಹಿರಿಯರು ಹೇಳಿದರು. ಇದರಲ್ಲೇನು ಕಷ್ಟ ಅಂತ ಒಪ್ಪಿಕೊಂಡೆ.

ರಾಜ್ಯೋತ್ಸವ ಹತ್ತಿರ ಬರುತ್ತಿತ್ತು. ಬಳಗದ ಪಟ್ಟಿಯಲ್ಲಿದ್ದದ್ದು ಸುಮಾರು 400 ವಿಳಾಸ. ಎಲ್ಲರೂ ತಾವಾಗಿ ಹೆಸರು ಬರೆಸಿದವರು. ಹಿಡಿದಿದ್ದ ಹಾಲ್ ದೊಡ್ಡದು, ಬಾಡಿಗೆಯೂ ದೊಡ್ಡದು, ಜನ ಸೇರಲೇಬೇಕು. ಹಳೇ ಕಡತಗಳನ್ನು ಹುಡುಕಿದೆ. ಹಿಂದಿನ ಸಮಿತಿಯವರ ಒಂದು ಎಕ್ಸೆಲ್ ಶೀಟ್ ಸಿಕ್ಕಿತು, ಹತ್ತು ವರ್ಷಕ್ಕೂ ಹಳೆಯದು. ದೀಪಾವಳಿ ಮೇಳದ ಲಕ್ಕಿ ಡಿಪ್ ಚೀಟಿಗಳಲ್ಲಿ ಜನ ಬರೆದುಕೊಟ್ಟ ವಿಳಾಸಗಳಿದ್ದವು. ಯಾರೋ ಎಲ್ಲರಿಗೂ ಕಾಣುವ ಹಾಗೆ ಫಾರ್ವರ್ಡ್ ಮಾಡಿದ್ದ ಒಂದು ಮೇಲ್‌ನಲ್ಲಿ ಇನ್ನಷ್ಟು. ಪೈಥಾನ್‌ನಲ್ಲಿ ಹತ್ತು ಸಾಲು ಬರೆದು ಎಲ್ಲವನ್ನೂ ಸೇರಿಸಿದೆ. 1900 ವಿಳಾಸ ಆಯ್ತು. ಒಂದೇ ರಾತ್ರಿಯಲ್ಲಿ ಬಳಗ ಹೆಚ್ಚುಕಮ್ಮಿ ಐದು ಪಟ್ಟು ಬೆಳೆದ ಹಾಗೆ ಅನಿಸಿತು. ಹೆಮ್ಮೆಯಿಂದಲೇ 'ಸೆಂಡ್' ಒತ್ತಿದೆ.

ಕಾರ್ಯಕ್ರಮ ಚೆನ್ನಾಗೇ ಆಯ್ತು. ಪೆಟ್ಟು ಬಿದ್ದದ್ದು ಆಮೇಲೆ.

ನವೆಂಬರ್ ಮೊದಲ ವಾರದಲ್ಲಿ ಸದಸ್ಯರಿಗೆ ಇನ್ನೊಂದು ಮೇಲ್ ಕಳಿಸಿದೆ. ಮ್ಯೂನಿಕ್‌ನ ಭಾರತೀಯ ಕಾನ್ಸುಲೇಟ್‌ನವರು ನಮ್ಮ ಕಡೆಗೇ ಬಂದು ಒಂದು ದಿನದ ಶಿಬಿರ ನಡೆಸ್ತಾರೆ, ಪಿಂಚಣಿದಾರರು ಜೀವಿತ ಪ್ರಮಾಣಪತ್ರ ಮಾಡಿಸಿಕೊಳ್ಳಬಹುದು ಅಂತ. ಇಲ್ಲೇ ಹುಟ್ಟಿ ಬೆಳೆದವರಿಗಾಗಿ ಒಂದು ಮಾತು: ಭಾರತದಲ್ಲಿ ಸರ್ಕಾರಿ ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್‌ನಲ್ಲಿ, ತಾವಿನ್ನೂ ಬದುಕಿದ್ದೇವೆ ಎಂಬುದಕ್ಕೆ ದಾಖಲೆ ಕೊಡಬೇಕು. ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ.

ನಮ್ಮ ಸದಸ್ಯರಲ್ಲಿ ಒಬ್ಬರು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮಗಳ ಮನೆಯಲ್ಲಿದ್ದಾರೆ. ಮಂಡಿನೋವು, ಮೆಟ್ಟಿಲು ಹತ್ತಿ ಇಳಿಯುವುದು ಕಷ್ಟ. ಶಿಬಿರಕ್ಕೆ ಅವರು ಬರಲಿಲ್ಲ. ತಿಂಗಳ ಕೊನೆಯಲ್ಲಿ ಅವರ ಮಗಳು ಫೋನ್ ಮಾಡಿದರು. "ನಿಮ್ಮ ಮೇಲ್ ಬಂದಿತ್ತು ಕಣ್ರೀ, ಸ್ಪ್ಯಾಮ್ ಫೋಲ್ಡರ್‌ನಲ್ಲಿ ಬಿದ್ದಿತ್ತು. ನಾವು ಇವತ್ತು ನೋಡಿದ್ವಿ." ಬೈಯಲಿಲ್ಲ. ಬೈದಿದ್ದರೆ ಹಗುರಾಗ್ತಿತ್ತೇನೋ. ಅಪ್ಪನನ್ನು ರೈಲಿನಲ್ಲಿ ಮ್ಯೂನಿಕ್‌ಗೆ ಕರೆದುಕೊಂಡು ಹೋಗಿ ಬಂದಿದ್ದರು. ಮೇಷ್ಟ್ರು ಫೋನ್ ತಗೊಂಡು ನಕ್ಕರು. "ನಾನು ಬದುಕಿದ್ದೀನಿ ಅಂತ ಹೇಳೋಕೆ ಅಷ್ಟು ದೂರ ಹೋಗ್ಬೇಕಾಯ್ತು ಕಣಪ್ಪ!"

ಆ ರಾತ್ರಿ ನಾನು ತಾಂತ್ರಿಕ ದೋಷ ಹುಡುಕುತ್ತಾ ಕೂತೆ. ಮೇಲ್ ತಲುಪದಿದ್ದರೆ ಮೊದಲು ನೋಡುವುದು ಮೂರು ಹೆಸರುಗಳನ್ನು: ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್. ನಮ್ಮ ಹೆಸರಿನಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಅಂತ ಬಹಿರಂಗವಾಗಿ ಬರೆದಿಡುವ ಪಟ್ಟಿ ಎಸ್‌ಪಿಎಫ್. ಲಕೋಟೆಯ ಮೇಲಿನ ಅರಗಿನ ಮುದ್ರೆ ಇದ್ದ ಹಾಗೆ ಡಿಕಿಮ್. ದಾರಿಯಲ್ಲಿ ಯಾರೂ ಒಳಗಿನದನ್ನು ತಿದ್ದಿಲ್ಲ ಅಂತ ತೋರಿಸುತ್ತದೆ. ಈ ಪರೀಕ್ಷೆಯಲ್ಲಿ ಸೋತ ಮೇಲ್‌ಗಳನ್ನು ಏನು ಮಾಡಬೇಕು ಅಂತ ಹೇಳುವುದು ಡಿಮಾರ್ಕ್. ನಮ್ಮಲ್ಲಿ ಮೂರೂ ಸರಿಯಾಗಿದ್ದವು. ಆದರೆ ಇವು ಹೇಳುವುದು ನಾವು ಯಾರು ಅಂತ ಮಾತ್ರ. ನಾವು ಎಂಥವರು ಅಂತ ಅಲ್ಲ. ಗುರುತಿನ ಚೀಟಿ ಇದ್ದವರೆಲ್ಲ ಬೇಕಾದ ಅತಿಥಿಗಳಲ್ಲವಲ್ಲ.

ದೋಷ ಇದ್ದದ್ದು ಪಟ್ಟಿಯಲ್ಲಿ. ಅಕ್ಟೋಬರ್‌ನ ಆ ಒಂದು ಮೇಲ್‌ನಲ್ಲಿ ಕೈಪಿಡಿಗಳು ಬೇಡ ಅನ್ನುವುದನ್ನೆಲ್ಲ ಒಟ್ಟಿಗೆ ಮಾಡಿದ್ದೆ. ಯಾವಾಗಲೂ 400 ಕಳಿಸುವ ಡೊಮೇನ್ ಇದ್ದಕ್ಕಿದ್ದ ಹಾಗೆ 1900 ಕಳಿಸಿತು. ನೂರಾರು ವಿಳಾಸಗಳು ಸತ್ತಿದ್ದವು, ಮೇಲ್ ವಾಪಸ್ ಬಂತು. ಹೀಗೆ ಬಿಟ್ಟುಹೋದ ವಿಳಾಸಗಳಲ್ಲಿ ಕೆಲವನ್ನು ಮೇಲ್ ಕಂಪನಿಗಳು ಬಲೆಯಾಗಿ ಮತ್ತೆ ಬಳಸುತ್ತವೆ. ಅಲ್ಲಿಗೆ ಮೇಲ್ ಬಂದರೆ, ಕಳಿಸಿದವರು ವರ್ಷಗಟ್ಟಲೆ ಪಟ್ಟಿಯನ್ನು ನೋಡೇ ಇಲ್ಲ ಅಂತ ಅರ್ಥ. ಬಿಟ್ಟುಹೋಗುವ ದಾರಿಯೂ ಸರಿಯಾಗಿರಲಿಲ್ಲ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ "ಬೇಡವಾದರೆ ನಮಗೆ ಬರೆಯಿರಿ" ಅಂತಿತ್ತು. ಪತ್ರ ಬರೆಯುವಷ್ಟು ತಾಳ್ಮೆ ಯಾರಿಗಿದೆ? ಕೆಲವರು 'ಸ್ಪ್ಯಾಮ್' ಗುಂಡಿ ಒತ್ತಿದರು.

ಎಷ್ಟು ಜನ ಒತ್ತಿದರೆ ತೊಂದರೆ? ಜಿಮೇಲ್ 2024ರ ಫೆಬ್ರವರಿಯಿಂದ ಜಾರಿಗೆ ತಂದ ನಿಯಮದ ಪ್ರಕಾರ ಸ್ಪ್ಯಾಮ್ ದೂರು 0.3 ಶೇಕಡಾ ಮುಟ್ಟಬಾರದು, 0.1ಕ್ಕಿಂತ ಕೆಳಗಿದ್ದರೆ ಒಳ್ಳೆಯದು. 1000 ಮೇಲ್‌ಗೆ 3 ದೂರು ಅಂದರೆ ಗಡಿ. ನಮ್ಮ 1900ಕ್ಕೆ ಆರು ಬೆರಳು ಸಾಕು. ದಿನಕ್ಕೆ 5000ಕ್ಕಿಂತ ಹೆಚ್ಚು ಕಳಿಸುವವರಿಗೆ ಒಂದೇ ಕ್ಲಿಕ್ಕಿನಲ್ಲಿ ಹೊರಹೋಗುವ ಸೌಲಭ್ಯವೂ ಕಡ್ಡಾಯ. ನಾವು ಅಷ್ಟು ದೊಡ್ಡವರಲ್ಲ. ಆದರೆ ಮರ್ಯಾದೆಗೆ ಸಂಖ್ಯೆಯ ಮಿತಿ ಯಾಕೆ ಬೇಕು?

ಇಲ್ಲಿಗೆ ನಿಲ್ಲಿಸಿದರೆ ಇದೊಂದು ತಾಂತ್ರಿಕ ಸಲಹೆಯ ಬರಹವಾಗುತ್ತದೆ. ನನ್ನನ್ನು ಕಾಡಿದ ಪ್ರಶ್ನೆ ಬೇರೆ. ನನ್ನ ಉದ್ದೇಶ ಒಳ್ಳೆಯದಿತ್ತು. ಮಾರಿದ್ದು ಏನೂ ಇಲ್ಲ. ಕನ್ನಡದ ಹಬ್ಬಕ್ಕೆ ಕನ್ನಡದವರನ್ನು ಕರೆದೆ. ಹಾಗಿದ್ದರೂ ಇದು ತಪ್ಪೇ?

ಇದೇ ವಾದ ಈ ತಪ್ಪಿನಷ್ಟೇ ಹಳೆಯದು. 1978ರ ಮೇ 3ರಂದು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್ ಎಂಬ ಕಂಪನಿಯ ಗ್ಯಾರಿ ತ್ಯೂರ್ಕ್ ಎಂಬಾತ, ಇಂಟರ್‌ನೆಟ್‌ಗೂ ಮುಂಚಿನ ಅರ್ಪಾನೆಟ್ ಜಾಲದಲ್ಲಿ ಸುಮಾರು 400 ಜನರಿಗೆ ಒಟ್ಟಿಗೆ ಮೇಲ್ ಕಳಿಸಿದ. ಹೊಸ ಕಂಪ್ಯೂಟರ್‌ನ ಪ್ರದರ್ಶನಕ್ಕೆ ಆಹ್ವಾನ. ವಿಳಾಸಗಳು ಸಿಕ್ಕಿದ್ದು ಅಚ್ಚಾದ ಬಳಕೆದಾರರ ಪುಸ್ತಕದಲ್ಲಿ. ಮೊದಲ ಸ್ಪ್ಯಾಮ್ ಅಂತ ಇವತ್ತು ಹೇಳುವುದು ಅದನ್ನೇ. ಪುಸ್ತಕದಲ್ಲಿ ವಿಳಾಸ ಇದೆ, ವಿಷಯ ಅವರಿಗೆ ಉಪಯೋಗ ಆಗಬಹುದು, ಹಾಗಾಗಿ ಕಳಿಸೋಣ. ನನ್ನ ತರ್ಕವೂ ಇದೇ ಅಲ್ಲವೇ? ಅವನ ಕೈಯಲ್ಲಿ ಪುಸ್ತಕ, ನನ್ನ ಕೈಯಲ್ಲಿ ಎಕ್ಸೆಲ್.

ಲಕ್ಕಿ ಡಿಪ್ ಚೀಟಿಯಲ್ಲಿ ವಿಳಾಸ ಬರೆದವರು ಒಪ್ಪಿದ್ದು ಬಹುಮಾನ ಬಂದರೆ ತಿಳಿಸಿ ಅನ್ನುವುದಕ್ಕೆ. ಅಷ್ಟೇ. ಒಂದು ಕೆಲಸಕ್ಕೆ ಕೊಟ್ಟ ಒಪ್ಪಿಗೆಯನ್ನು ಇನ್ನೊಂದಕ್ಕೆ ಎತ್ತಿಕೊಂಡದ್ದು ನಾನು. ಪಕ್ಕದ ಮನೆಯವರು ಗಿಡಕ್ಕೆ ನೀರು ಹಾಕಿ ಅಂತ ಬೀಗದ ಕೈ ಕೊಟ್ಟರೆ, ಅವರ ಸೋಫಾ ಮೇಲೆ ಮಲಗಿ ಟಿವಿ ನೋಡುತ್ತೇವೆಯೇ?

"ಅವರು ಬೇಡ ಅನ್ನಲಿಲ್ಲವಲ್ಲ" ಅಂತ ನೀವು ಕೇಳಬಹುದು. ಮೌನಂ ಸಮ್ಮತಿ ಲಕ್ಷಣಂ ಅನ್ನುವ ಮಾತು ನಮ್ಮ ಮನೆಗಳಲ್ಲಿ ಓಡಾಡುತ್ತದೆ. ಸುಮ್ಮನಿದ್ದರೆ ಒಪ್ಪಿಗೆ ಅಂತ. ದೇಶಗಳೂ ಈ ವಿಷಯದಲ್ಲಿ ಒಮ್ಮತಕ್ಕೆ ಬಂದಿಲ್ಲ. ಅಮೆರಿಕದ 2003ರ ಕ್ಯಾನ್-ಸ್ಪ್ಯಾಮ್ ಕಾಯಿದೆಯಲ್ಲಿ ಕೇಳದೆಯೂ ಕಳಿಸಬಹುದು. ಬೇಡ ಅಂದರೆ 10 ಕೆಲಸದ ದಿನಗಳೊಳಗೆ ನಿಲ್ಲಿಸಬೇಕು. ಕೆನಡಾದಲ್ಲಿ 2014ರಿಂದ ಮೊದಲು ಒಪ್ಪಿಗೆ ಬೇಕು. ಯುರೋಪಿನ ನ್ಯಾಯಾಲಯ 2019ರಲ್ಲಿ, ಕುಕೀಗಳ ಒಂದು ಮೊಕದ್ದಮೆಯಲ್ಲಿ, ಮೊದಲೇ ಟಿಕ್ ಹಾಕಿಟ್ಟ ಚೌಕ ಒಪ್ಪಿಗೆ ಆಗುವುದಿಲ್ಲ ಅಂದಿತು. ಒಂದು ಕಡೆ ಮೌನ ಅಂದರೆ ಹೌದು. ಇನ್ನೊಂದು ಕಡೆ ಮೌನ ಅಂದರೆ ಮೌನ.

ನಾನು ಎರಡನೆಯದರ ಕಡೆ. ಮೌನವನ್ನು ಓದುವುದು ನನ್ನ ವೃತ್ತಿಯ ಭಾಗ, ಅದು ಎಷ್ಟು ಮೋಸ ಮಾಡುತ್ತದೆ ಅಂತ ಗೊತ್ತು. ಮೇಲ್ ತೆರೆದರೋ ಇಲ್ಲವೋ ಅಂತ ತಿಳಿಯಲು ಕಳಿಸುವವರು ಅದರೊಳಗೆ ಕಣ್ಣಿಗೆ ಕಾಣದ ಒಂದು ಚಿತ್ರ ಇಡುತ್ತಾರೆ. 2021ರಿಂದ ಆಪಲ್‌ನ ಮೇಲ್ ಆ್ಯಪ್‌ನಲ್ಲಿ, ಬಳಕೆದಾರರು ಬಯಸಿದರೆ, ಆ ಚಿತ್ರವನ್ನು ಆಪಲ್ ತಾನೇ ಮುಂಚಿತವಾಗಿ ತೆರೆದುಬಿಡುತ್ತದೆ. ಮನುಷ್ಯ ನೋಡಿರುವುದೇ ಇಲ್ಲ, ಲೆಕ್ಕದಲ್ಲಿ 'ಓದಿದರು' ಅಂತ ಬರುತ್ತದೆ. ನನ್ನ ಮೇಲ್ ತೆರೆದವರ ಸಂಖ್ಯೆ ನೋಡಿ ನಾನು ಖುಷಿಪಟ್ಟಿದ್ದೆ. ಅದರಲ್ಲಿ ಎಷ್ಟು ಕಣ್ಣು, ಎಷ್ಟು ಯಂತ್ರ?

ಇಲ್ಲಿ ಒಂದು ಗಟ್ಟಿ ಆಕ್ಷೇಪಣೆ ಇದೆ. ನಮ್ಮ ಬಳಗದ ಹಿರಿಯರೊಬ್ಬರು ಅಂದರು, "ಇದೆಲ್ಲ ಇವರ ಪದ್ಧತಿ ಕಣಯ್ಯ. ನಮ್ಮೂರಲ್ಲಿ ಹಬ್ಬಕ್ಕೆ ಕರೆಯೋಕೆ ಪರ್ಮಿಷನ್ ಕೇಳ್ತೀವಾ?" ಸ್ವಲ್ಪ ದಿನ ನನಗೂ ಇದು ಸರಿ ಅನಿಸಿತ್ತು. ಆಮೇಲೆ ನಮ್ಮಮ್ಮ ಮದುವೆ ಕರೆಯೋಕೆ ಹೋಗುತ್ತಿದ್ದದ್ದು ನೆನಪಾಯಿತು. ಬೆಳ್ಳಿ ಬಟ್ಟಲಲ್ಲಿ ಕುಂಕುಮ, ಅಕ್ಷತೆ. ಬಿಸಿಲಲ್ಲಿ ಮನೆಮನೆಗೆ. ಬಾಗಿಲು ತೆರೆದೇ ಇದ್ದರೂ ಹೊಸ್ತಿಲ ಆಚೆ ನಿಂತು "ಯಾರಿದ್ದೀರಿ ಒಳಗೆ?" ಅಂತ ಕೂಗಿ, ಒಳಗಿನಿಂದ ದನಿ ಬಂದ ಮೇಲೆ ಕಾಲಿಡುವುದು. ಅನುಮತಿ ಅನ್ನುವ ಪದ ಇರಲಿಲ್ಲ, ಅನುಮತಿ ಇತ್ತು. ಜೊತೆಗೆ, ಕರೆಯುವ ಶ್ರಮ ಕರೆಯುವವರದ್ದು. ಒಂದು ದಿನಕ್ಕೆ ಹತ್ತು ಮನೆ ಆದರೆ ಹೆಚ್ಚು. ಹಾಗಾಗಿ ಯಾರನ್ನು ಕರೆಯಬೇಕು ಅಂತ ಯೋಚಿಸಲೇಬೇಕಿತ್ತು.

ಇಮೇಲ್ ತೆಗೆದುಹಾಕಿದ್ದು ಈ ಶ್ರಮವನ್ನು. 400 ಕಳಿಸಲು, 1900 ಕಳಿಸಲು ನನಗೆ ಖರ್ಚು ಒಂದೇ. ಹಾಗಂತ ಖರ್ಚು ಮಾಯವಾಗಲಿಲ್ಲ, ಪಡೆಯುವವರ ಕಡೆಗೆ ಜಾರಿತು. ಒಬ್ಬೊಬ್ಬರದ್ದು ಐದು ಸೆಕೆಂಡು ಅಂದರೂ 1500 ಜನರ ಎರಡು ಗಂಟೆಗೂ ಹೆಚ್ಚು ಹೊತ್ತನ್ನು ಕೇಳದೆ ತೆಗೆದುಕೊಂಡೆ. ತಪ್ಪು ನನಗೆ ಕಾಣದೆ ಇದ್ದದ್ದು ಅದಕ್ಕೇ: ಬೆಲೆ ಕೊಟ್ಟವನು ನಾನಲ್ಲ.

ಹಾಗಾದರೆ ಫಿಲ್ಟರ್ ಮಾಡಿದ್ದು ನ್ಯಾಯವೇ? ಅದೂ ಪೂರ್ತಿ ನ್ಯಾಯ ಅಲ್ಲ. 2002ರಲ್ಲಿ ಪಾಲ್ ಗ್ರಹಾಂ ಬರೆದ ಒಂದು ಪ್ರಸಿದ್ಧ ಪ್ರಬಂಧ, ಒಬ್ಬರಿಗೆ ಬಂದ ಒಳ್ಳೆಯ ಮತ್ತು ಕೆಟ್ಟ ಮೇಲ್‌ಗಳ ಪದಗಳಿಂದಲೇ ಸಂಭವನೀಯತೆ ಲೆಕ್ಕಹಾಕಿ ಸ್ಪ್ಯಾಮ್ ಹಿಡಿಯುವ ದಾರಿಯನ್ನು ಜನಪ್ರಿಯಗೊಳಿಸಿತು. ಇಂದಿನ ಫಿಲ್ಟರ್‌ಗಳು ಪದಗಳ ಜೊತೆ ಕಳಿಸುವವರ ನಡತೆಯನ್ನೂ ನೆನಪಿಡುತ್ತವೆ. ಒಂದು ರೀತಿಯಲ್ಲಿ ಅದು ಜನ ಹೇಳಿದ 'ಬೇಡ'ಗಳ ಒಟ್ಟು ನೆನಪು. ಆದರೆ ಆ ನೆನಪಿಗೆ ಬಳಗ ಬೇರೆ, ನಾನು ಬೇರೆ ಅಂತ ಗೊತ್ತಿಲ್ಲ. ಹಬ್ಬದ ಆಮಂತ್ರಣ ಬೇರೆ, ಪಿಂಚಣಿ ಸುದ್ದಿ ಬೇರೆ ಅಂತಲೂ ಗೊತ್ತಿಲ್ಲ. ತಪ್ಪು ನನ್ನದು, ಶಿಕ್ಷೆ ಮೇಷ್ಟ್ರಿಗೆ. ಎದುರು ನಿಂತು ವಾದಿಸೋಣ ಅಂದರೆ ಅಲ್ಲಿ ಮನುಷ್ಯರೇ ಸಿಗುವುದಿಲ್ಲ. ಇಷ್ಟು ಜನರ ಅಂಚೆಪೆಟ್ಟಿಗೆ ಕೆಲವೇ ಕಂಪನಿಗಳ ಕೈಯಲ್ಲಿರುವುದರ ಬಗ್ಗೆ ನನಗೆ ಸಿಟ್ಟಿದೆ. ಆದರೆ ಆ ಸಿಟ್ಟನ್ನು ನನ್ನ ತಪ್ಪು ಮುಚ್ಚಿಕೊಳ್ಳಲು ಬಳಸಲಾರೆ.

ನಮ್ಮ ಅಪಾರ್ಟ್‌ಮೆಂಟಿನ ಅಂಚೆಪೆಟ್ಟಿಗೆಗಳ ಮೇಲೆ "ಬಿಟ್ಟೆ ಕೈನೆ ವೆರ್ಬುಂಗ್" ಅಂತ ಚೀಟಿ ಅಂಟಿಸಿರುತ್ತಾರೆ. ದಯವಿಟ್ಟು ಜಾಹೀರಾತು ಬೇಡ ಅಂತ. ಆ ಚೀಟಿಗೆ ಬೆಲೆ ಕೊಡಲೇಬೇಕು ಅಂತ ಇಲ್ಲಿನ ಸರ್ವೋಚ್ಚ ಸಿವಿಲ್ ನ್ಯಾಯಾಲಯ 1988ರಲ್ಲೇ ಹೇಳಿದೆ. ದಿನಾ ಅದರ ಮುಂದೆ ಓಡಾಡಿದರೂ ಅದು ನನಗೂ ಹೇಳಿದ ಮಾತು ಅಂತ ಹೊಳೆದಿರಲಿಲ್ಲ.

ಆಮೇಲೆ ಮಾಡಿದ್ದು ಇಷ್ಟು. ಸೇರಿಸಿದ 1500 ವಿಳಾಸಗಳನ್ನು ಅಳಿಸಿದೆ. ಉಳಿದ 400 ಸದಸ್ಯರಿಗೂ ಒಂದೇ ಒಂದು ಮೇಲ್: "ಇದ್ದೀರಾ? ನಮ್ಮ ಸುದ್ದಿ ಇನ್ನೂ ಬೇಕಾ?" ವರ್ಷಕ್ಕೊಮ್ಮೆ ಸರ್ಕಾರ ಮೇಷ್ಟ್ರನ್ನು ಕೇಳುವ ಹಾಗೆ. ನಮ್ಮ ಪಟ್ಟಿ ಆ ಪ್ರಶ್ನೆಯನ್ನು ಯಾರನ್ನೂ ಎಂದೂ ಕೇಳಿರಲಿಲ್ಲ. 270 ಜನ ಹೌದು ಅಂದರು. ಬಿಟ್ಟುಹೋಗುವ ಕೊಂಡಿಯನ್ನು ಮೇಲ್‌ನ ಮೇಲ್ಭಾಗಕ್ಕೇ ತಂದೆ. ಸಮಿತಿಯಲ್ಲಿ ಹೆದರಿಕೆ ಇತ್ತು: ಬಾಗಿಲು ದೊಡ್ಡದು ಮಾಡಿದರೆ ಎಲ್ಲರೂ ಹೊರಟುಹೋಗ್ತಾರೆ. ನಾವು ಕನ್ನಡಿಗರು ಹೊರಡುವಾಗ "ಹೋಗ್ತೀನಿ" ಅನ್ನುವುದಿಲ್ಲ, "ಹೋಗಿ ಬರ್ತೀನಿ" ಅನ್ನುತ್ತೇವೆ. ಸಲೀಸಾಗಿ ಹೊರಗೆ ಹೋದವರಿಗಷ್ಟೇ ವಾಪಸ್ ಬರುವ ಮನಸ್ಸು ಉಳಿಯುತ್ತದೆ. ಬಾಗಿಲು ಹುಡುಕಿ ಸುಸ್ತಾದವರು 'ಸ್ಪ್ಯಾಮ್' ಒತ್ತಿಯೇ ಹೋಗುತ್ತಾರೆ.

ನಷ್ಟವೂ ಆಯ್ತು. ಮುಂದಿನ ರಾಜ್ಯೋತ್ಸವಕ್ಕೆ ಚಿಕ್ಕ ಹಾಲ್ ಹಿಡಿದೆವು.

ಯುಗಾದಿಯಂದು ಬಾಗಿಲ ಬಳಿ ಕಾಗದ, ಪೆನ್ನು ಹಿಡಿದು ನಿಂತಿದ್ದೆ. ಮೇಲ್ ಬೇಕಾದವರು ತಾವೇ ಬರೆಯಬೇಕು. ಆಮೇಲೆ ಬರುವ ಮೇಲ್‌ನಲ್ಲಿ ಮತ್ತೊಮ್ಮೆ ಹೌದು ಅನ್ನಬೇಕು. "ಇದ್ದೀರಾ?" ಮೇಲ್ ಕೂಡ ಕಾಣದೆ ಪಟ್ಟಿಯಿಂದ ಬಿಟ್ಟುಹೋಗಿದ್ದ ಮೇಷ್ಟ್ರು ಕನ್ನಡಕ ಹಾಕಿಕೊಂಡು ದುಂಡಗೆ ಬರೆದರು. ರಾತ್ರಿ ಫೋನ್ ಬಂತು.

"ನಿಂದೊಂದು ಮೇಲ್ ಬಂದಿದೆ ಕಣಪ್ಪ. ಇದನ್ನ ನೀವೇ ಕೇಳಿದ್ರಾ ಅಂತ ಕೇಳ್ತಿದೆ. ಏನನ್ಲಿ?"

"ನಿಮಗೆ ಏನನ್ಸುತ್ತೋ ಅದನ್ನೇ ಅನ್ನಿ ಮೇಷ್ಟ್ರೇ."

ಸ್ವಲ್ಪ ಹೊತ್ತು ಸದ್ದಿಲ್ಲ. ಆ ಮೌನಕ್ಕೆ ನಾನು ಅರ್ಥ ಹಚ್ಚಲಿಲ್ಲ. ಕಾದೆ.

"ಹೌದು ಅಂತ ಒತ್ತಿದೆ," ಅಂದರು.