ಅಚ್ಚುಕೂಟದವರ ರಕ್ತವೂ ನಮ್ಮ ಕೈಯಲ್ಲಿರುವ ಪುಸ್ತಕವೂ

ನೀವು ಓದುತ್ತಿರುವ ಹಾಳೆಯನ್ನು ಅಚ್ಚುಹಾಕಿದವನು ಯಾರೆಂದು ಎಂದಾದರೂ ಯೋಚಿಸಿದ್ದುಂಟೋ? ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಗಳ ಹಳ್ಳಿಗಳಿಂದ ಬೆಳಗಿನ ಬಸ್ಸು ಹತ್ತಿ ಬೆಂಗಳೂರಿನ ಅಚ್ಚುಕೂಟಗಳಿಗೆ ಹೋಗುವ ಯೌವನಸ್ಥರುಂಟು. ಸಂಜೆ ಯಂತ್ರ ನಿಂತ ಮೇಲೆ ಅವರು ರೋಲರುಗಳಿಗೆ ಅಂಟಿದ ಮಸಿಯನ್ನು ತೊಳೆಯಬೇಕು. ಅದಕ್ಕೆ ಥಿನ್ನರ್, ಕೆಲವು ಕಡೆ ಪೆಟ್ರೋಲು. ಬರಿಗೈಯಿಂದ ಬಟ್ಟೆ ಅದ್ದಿ ಉಜ್ಜುತ್ತಾರೆ. ಮಸಿ ಹೋಗಲೆಂದು ಅದರಲ್ಲಿಯೇ ಕೈಯನ್ನೂ ತೊಳೆದುಕೊಳ್ಳುತ್ತಾರೆ.

ಇಂಥ ದ್ರವಗಳಲ್ಲಿ ಬೆಂಜೀನ್ ಎಂಬ ಪದಾರ್ಥವು ಬೆರೆತಿರಬಹುದು. ನಮ್ಮ ದೇಶದ ಪೆಟ್ರೋಲಿನಲ್ಲಿಯೂ ನೂರಕ್ಕೆ 1 ಪಾಲಿನವರೆಗೆ ಅದಿರಲು ಅಪ್ಪಣೆಯುಂಟು. ಅದು ಬೇಗನೆ ಆವಿಯಾಗಿ ಉಸಿರಿನಿಂದಲೂ, ಚರ್ಮದಿಂದಲೂ ಒಳಹೊಕ್ಕು, ರಕ್ತವು ಹುಟ್ಟುವ ಸ್ಥಾನವಾದ ಎಲುಬಿನ ಮಜ್ಜೆಯನ್ನು ಕೆಡಿಸುತ್ತದೆ. ಬಿಳಿ ಕಣಗಳೂ ಕೆಂಪು ಕಣಗಳೂ ಕುಂದುತ್ತವೆ. ಕೆಲವರಿಗೆ ವರ್ಷಗಳ ತರುವಾಯ ರಕ್ತದ ಕ್ಯಾನ್ಸರು ತಗಲುತ್ತದೆ. ಆರಂಭದಲ್ಲಿ ಬರೀ ದಣಿವು, ಅದನ್ನು ಬಿಸಿಲಿನ ದಣಿವೆಂದು ತಿಳಿದು ಸುಮ್ಮನಿರುತ್ತಾರೆ. ಪೂರ್ವದಲ್ಲಿ ಭಯವು ಸೀಸದಿಂದ ಇತ್ತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಲ್ಲಿ ಕಿಟ್ಟೆಲರ ನಿಘಂಟು ಅಚ್ಚಾದ ಕಾಲದಲ್ಲಿ ಸೀಸದ ಅಕ್ಷರಗಳನ್ನು ಒಂದೊಂದಾಗಿ ಕೈಯಿಂದ ಜೋಡಿಸುತ್ತಿದ್ದರು. ಸೀಸವು ದೇಹದಲ್ಲಿ ಸೇರಿದರೆ ರಕ್ತದ ಕೆಂಪು ವಸ್ತುವು ಹುಟ್ಟದಂತೆ ತಡೆಯುತ್ತದೆ. 1948ರ ಕಾರ್ಖಾನೆ ಶಾಸನವು ಈ ಎರಡು ವಿಷಗಳನ್ನೂ ಸರಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತು. ಆದಾಗ್ಯೂ ಹತ್ತು ಮಂದಿಗಿಂತ ಕಡಿಮೆ ಆಳುಗಳಿದ್ದ ಚಿಕ್ಕ ಅಚ್ಚುಕೂಟಗಳಿಗೆ ಆ ಶಾಸನವು ಸಾಮಾನ್ಯವಾಗಿ ಮುಟ್ಟಲೇ ಇಲ್ಲ.

ಕೆಲವರು ಹೇಳಬಹುದು: ಅವನು ತಾನಾಗಿ ಹೋದನು, ಕೂಲಿಯನ್ನೂ ತಕ್ಕೊಂಡನು, ಕೊಳ್ಳುವವರಾದ ನಮಗೇನು? ಬೇತ್ಲೆಹೇಮಿನ ಬಾವಿಯ ನೀರನ್ನು ದಾವೀದನಿಗೆ ತಂದ ಆ ಮೂವರೂ ತಾವಾಗಿಯೇ ಹೋದವರಲ್ಲವೇ? ಅವರು ಶತ್ರುಗಳ ದಂಡನ್ನು ಕಣ್ಣಾರೆ ಕಂಡು ನುಗ್ಗಿದರು. ಅಚ್ಚುಕೂಟದವನಿಗೋ ಶತ್ರುವು ಕಾಣುವುದೇ ಇಲ್ಲ. ಅಷ್ಟು ತಿಳಿದು ಒಪ್ಪಿ ತಂದ ನೀರನ್ನೂ ದಾವೀದನು ಕುಡಿಯಲಾರದೆ ಹೋದನು. ತಂದವನ ಒಪ್ಪಿಗೆಯು ಪಡೆದವನ ಹೊಣೆಯನ್ನು ತೀರಿಸಲಿಲ್ಲವೆಂದು ನಮಗೆ ತೋರುತ್ತದೆ. ಹೊಟ್ಟೆಗಾಗಿ ಕೊಟ್ಟ ಒಪ್ಪಿಗೆಯಾದರೆ ಇನ್ನೂ ಕಡಿಮೆ.

ಹಾಗಾದರೆ ದಾವೀದನು ನೀರನ್ನು ಹೊಯ್ದುಬಿಟ್ಟಂತೆ ನಾವೂ ಪುಸ್ತಕಗಳನ್ನು ಬಿಟ್ಟುಬಿಡೋಣವೋ? ಅದರಿಂದ ಆ ಮನುಷ್ಯನ ಅನ್ನವು ಹೋಗುವುದೇ ಹೊರತು ಅವನ ರಕ್ತವು ಶುದ್ಧವಾಗದು.

ನಮ್ಮದೇ ಮಾತನ್ನು ಹೇಳುತ್ತೇವೆ. ಸಭೆಯ ಹಾಡಿನ ಪುಸ್ತಕವನ್ನು ಅಚ್ಚುಹಾಕಿಸಲು ಹೋದಾಗ ಚೌಕಾಶಿಮಾಡಿ ಐನೂರು ರೂಪಾಯಿ ಇಳಿಸಿಕೊಂಡು ಸಂತೋಷಪಟ್ಟೆವು. ಒಳಗಿನ ಘಾಟು ತಾಳಲಾರದೆ ವಸ್ತ್ರದಿಂದ ಮೂಗು ಮುಚ್ಚಿಕೊಂಡು ಬಾಗಿಲ ಹೊರಗೆ ನಿಂತೆವು. ಯಂತ್ರದ ಬಳಿ ಇದ್ದ ಹುಡುಗನು ಅಲ್ಲಿಯೇ ಇದ್ದನು. ಆ ಐನೂರು ರೂಪಾಯಿಯಲ್ಲಿ ಅವನಿಗೆ ಸಾಬೂನೂ, ದ್ರವವು ತೂರದ ಕೈಚೀಲವೂ, ಒಮ್ಮೆ ರಕ್ತಕಣಗಳ ಎಣಿಕೆಯ ಪರೀಕ್ಷೆಯೂ ಆಗುತ್ತಿತ್ತೆಂದು ಮನೆಗೆ ಬಂದ ಮೇಲೆ ಹೊಳೆಯಿತು.

ಮುಂದಿನ ಆಶ್ವೀಜದಲ್ಲಿ ಪುಸ್ತಕವು ಮತ್ತೆ ಅಚ್ಚಾಗಬೇಕು. ಕ್ರಯವನ್ನು ಇಳಿಸಿರೆಂದು ಕೇಳದೆ, ಗಾಳಿಯನ್ನು ಹೊರಗೆಳೆಯುವ ಫ್ಯಾನು ಎಲ್ಲಿದೆ, ಯಾವ ದ್ರವದಿಂದ ತೊಳೆಯುತ್ತೀರಿ ಎಂದು ಯಜಮಾನರನ್ನು ಮೊದಲು ಕೇಳಬೇಕೆಂದಿದ್ದೇವೆ. ಆ ಹುಡುಗನು ಇನ್ನೂ ಅಲ್ಲಿದ್ದರೆ, ವೈದ್ಯರ ಬಳಿಗೆ ಹೋದಾಗ ದಣಿವೆಂದು ಮಾತ್ರ ಹೇಳದೆ ತನ್ನ ಕಸುಬನ್ನೂ ಹೇಳೆಂದು ತಿಳಿಸುವೆವು.