ಕೊಟ್ಟವರು, ತೆಗೆದುಕೊಂಡವರು

ಎಳ್ಳಮಾಸಿಯ ಮರುದಿನ ಸಂಜೆ. ಹೊಲದಿಂದ ತಂದ ಬುಟ್ಟಿ, ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕಿದ ನನ್ನ ಸೊಸೆ ಒಂದು ಕಟ್ಟು ಬಿಳಿ ಹಾಳೆ ಹಿಡಿದು ನನ್ನೆದುರು ಬಂದು ನಿಂತಳು.

“ಅತ್ತಿ, ನಿಮ್ಮ ಅಕ್ಷರ ಮುತ್ತಿನಂಗ ಅವ. ಇವೆರಡು ಅಸೈನ್‌ಮೆಂಟ್ ಬರ್ದು ಕೊಡ್ತೀರೇನ್ರಿ? ಗೆಳತಿ ಉತ್ತರ ಎಲ್ಲಾ ಫೋನಿಗೆ ಕಳಿಸ್ಯಾಳ. ನೋಡಿ ಬರ್ಯೋದಷ್ಟೇ.”

ಭಾಲ್ಕಿಯಲ್ಲಿ ಬಿ.ಕಾಂ. ಓದಿದ ಹುಡುಗಿ ಅವಳು. ಮದುವೆಯಾಗಿ ಚಿದ್ರಿಯ ನಮ್ಮ ಮನೆಗೆ ಬಂದು, ಮಗುವಿಗೆ ಎರಡು ವರ್ಷ ತುಂಬಿದ ಮೇಲೆ, ಒಂದು ವಿಶ್ವವಿದ್ಯಾಲಯದ ಆನ್‌ಲೈನ್ ಎಂ.ಕಾಂ.ಗೆ ಹೆಸರು ಹಚ್ಚಿದಳು. ಪಾಠವೆಲ್ಲ ಫೋನಿನಲ್ಲೇ. ವಾಯುಪಡೆಯ ತರಬೇತಿ ವಿಮಾನಗಳು ನಮ್ಮ ತಲೆಯ ಮೇಲೆ ಹಾದಾಗಲೆಲ್ಲ ಮೇಷ್ಟ್ರ ಮಾತು ಮುಳುಗಿಹೋಗುತ್ತದೆ. ಹಿಂದಕ್ಕೆ ಸರಿಸಿ ಮತ್ತೊಮ್ಮೆ ಕೇಳುತ್ತಾಳೆ. ಆ ಅನುಕೂಲ ನಮ್ಮ ಕಾಲದ ತರಗತಿಗಳಲ್ಲಿ ಇರಲಿಲ್ಲ ಬಿಡಿ.

ಮನೆಯಲ್ಲೇ ಕುಳಿತು ಓದುವುದು ಹೊಸದೇನಲ್ಲ. 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, 1996ರಲ್ಲಿ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಎಷ್ಟೋ ಹೆಣ್ಣುಮಕ್ಕಳು ಅಂಚೆಯಲ್ಲಿ ಬಂದ ಪುಸ್ತಕ ಓದಿಯೇ ಪದವಿ ಪಡೆದರು. ಈಗ 2020ರ ಯುಜಿಸಿ ನಿಯಮಗಳಂತೆ ಮಾನ್ಯತೆ ಇರುವ ಆನ್‌ಲೈನ್ ಪದವಿಯೂ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ. ಸೊಸೆಗೆ ಉಪನ್ಯಾಸಕಿಯಾಗುವ ಆಸೆ. ಕೆ-ಸೆಟ್ ಬರೆಯಬೇಕಾದರೆ ಸಾಮಾನ್ಯ ವರ್ಗದವರಿಗೆ ಸ್ನಾತಕೋತ್ತರದಲ್ಲಿ ನೂರಕ್ಕೆ 55 ಬೇಕು. ಅವಳ ಕೋರ್ಸಿನಲ್ಲಿ ಪರೀಕ್ಷೆಗೆ 70, ಅಸೈನ್‌ಮೆಂಟಿಗೆ 30. ಕೈಯಲ್ಲೇ ಬರೆದು, ಫೋಟೋ ಹೊಡೆದು, ಗಡುವಿನೊಳಗೆ ಏರಿಸಬೇಕು. ಆ ಗಡುವಿಗೆ ಇನ್ನು ನಾಲ್ಕೇ ದಿನ ಇತ್ತು.

ನಾನು ಆಗುವುದಿಲ್ಲ ಎಂದೆ. ಮೂವತ್ತು ವರ್ಷದ ಹತ್ತಿರ ಮಕ್ಕಳಿಗೆ “ನೋಡಿ ಬರೀಬ್ಯಾಡ್ರಿ” ಎಂದು ಹೇಳಿದ ಬಾಯಿ ಇದು. ಅವಳು ವಾದಿಸಲಿಲ್ಲ.

“ರೊಕ್ಕ ಕೊಟ್ರ ಬಾಜಾರದಾಗ ಬರ್ದಿದ್ದೇ ಸಿಗ್ತಾವ್ರಿ. ನಾ ತಗೊಳ್ಳಿಲ್ಲ. ಮನಿಯವ್ರನ್ನ ಕೇಳ್ದೆ,” ಎಂದಷ್ಟೇ ಹೇಳಿ ರೊಟ್ಟಿ ಹಿಟ್ಟು ನಾದಲು ಹೋದಳು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬೇರೆಯವರ ಬರಹದ ಕೆಳಗೆ ತನ್ನ ಹೆಸರು ಬಂದರೆ ಏನಾಗುತ್ತದೆಂದು ಬೀದರಿನವರಿಗೆ ಹೊಸದಾಗಿ ಹೇಳಬೇಕೇ? ಬಹಮನಿ ರಾಜ್ಯದ ಮಂತ್ರಿ ಮಹಮೂದ್ ಗವಾನ್, 1472ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದವನು, ಸತ್ತದ್ದೇ ಹಾಗೆ. ವೈರಿಗಳು ಖಾಲಿ ಕಾಗದಕ್ಕೆ ಅವನ ಮೊಹರು ಒತ್ತಿಸಿಕೊಂಡು, ಅದರ ಮೇಲೆ ರಾಜದ್ರೋಹದ ಪತ್ರ ಬರೆದರು. ಮೊಹರು ತನ್ನದೇ, ಬರಹ ತನ್ನದಲ್ಲ ಎಂದ ಮುದುಕನ ಮಾತನ್ನು ಸುಲ್ತಾನ ಕೇಳಲಿಲ್ಲ. 1481ರಲ್ಲಿ ತಲೆ ಹೋಯಿತು. ಆಮೇಲೆ ಅವನ ಖಜಾನೆ ತೆರೆಸಿದರೆ ದೊಡ್ಡ ಗಂಟೇನೂ ಸಿಗಲಿಲ್ಲ. ಜಹಗೀರಿನ ಹಣದ ಲೆಕ್ಕ ಬೇರೆ, ತನ್ನ ಊಟದ ಖರ್ಚಿನ ಲೆಕ್ಕ ಬೇರೆ ಇಟ್ಟಿದ್ದ; ಉಣ್ಣುತ್ತಿದ್ದದ್ದು ಸ್ವಂತ ವ್ಯಾಪಾರದ ಲಾಭದಲ್ಲಿ ಎಂದು ಫರಿಷ್ತಾ ಬರೆದಿದ್ದಾನೆ. ಮಕ್ಕಳನ್ನು ಮದರಸಾ ತೋರಿಸಲು ಕರೆದೊಯ್ದಾಗಲೆಲ್ಲ ಈ ಕಥೆ ಹೇಳಿದ್ದೇನೆ. ಸೊಸೆಗೂ ಬೆಳಿಗ್ಗೆ ಇದನ್ನೇ ಹೇಳೋಣವೆಂದು ಮನಸ್ಸಿನಲ್ಲೇ ಭಾಷಣ ಸಿದ್ಧಮಾಡಿಕೊಂಡೆ.

ಆದರೆ ನಮ್ಮ ಮನೆಯ ಲೆಕ್ಕ ಅಷ್ಟು ಚೊಕ್ಕಟವಾಗಿತ್ತೇ?

ಓದು ಶುರುಮಾಡಿದ ಹೊಸದರಲ್ಲಿ ಅವಳೇ ನನಗೊಂದು ನಿಯಮ ಕಲಿಸಿದ್ದಳು. ವ್ಯಕ್ತಿಗಳ ಖಾತೆ ಬರೆಯುವಾಗ ತೆಗೆದುಕೊಂಡವರನ್ನು ಡೆಬಿಟ್ ಮಾಡಬೇಕು, ಕೊಟ್ಟವರನ್ನು ಕ್ರೆಡಿಟ್ ಮಾಡಬೇಕು. ಇನ್ನೊಂದು, ಕೊಡಬೇಕಾದ ರೊಕ್ಕ ಇನ್ನೂ ಕೊಡದಿದ್ದರೂ ಬಾಕಿ ಎಂದು ಆ ವರ್ಷದ ಲೆಕ್ಕದಲ್ಲೇ ತೋರಿಸಬೇಕು. ಕೊಟ್ಟಿಲ್ಲವೆಂದು ಬಿಟ್ಟುಬಿಡುವ ಹಾಗಿಲ್ಲ. ಕತ್ತಲಲ್ಲಿ ಮಲಗಿ ಲೆಕ್ಕ ಹಾಕಿದೆ. ಎಳ್ಳಮಾಸಿಗೆ ಮೊದಲ ಎರಡು ದಿನ ಸಜ್ಜಿ ರೊಟ್ಟಿ ಬಡಿದವಳು, ಭಜ್ಜಿಗೆ ಕಾಳು ಸುಲಿದವಳು, ಅಂಬಲಿ ಕಾಸಿದವಳು ಯಾರು? ಹೊಲದಲ್ಲಿ ಇಪ್ಪತ್ತು ಮಂದಿಗೆ ಬಡಿಸಿದವಳು? ಪಾಂಡವರ ಪೂಜೆ ಮಾಡಿ, ಉಂಡು, ಹುಣಸೆಮರದ ನೆರಳಿಗೆ ಅಡ್ಡಾದವರಲ್ಲಿ ನಾನೂ ಇದ್ದೆ. 2019ರಲ್ಲಿ ಕೇಂದ್ರ ಸರ್ಕಾರ ಮಾಡಿದ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 97 ನಿಮಿಷ ಎಂದು ಬಂದಿತ್ತು. ಐದು ತಾಸಿಗೆ ಒಂದೇ ನಿಮಿಷ ಕಮ್ಮಿ! ಸೊಸೆ ಬಂದಮೇಲೆ ನನ್ನ ಪಾಲಿನ ನಿಮಿಷ ಇಳಿದಿವೆ. ಅವು ಎಲ್ಲಿಗೆ ಹೋದವು ಎಂದು ನಾನು ಕೇಳಿರಲಿಲ್ಲ.

ಇನ್ನೊಂದು ನೆನಪು ಬಂತು, ಅದು ಬರಬಾರದಿತ್ತು. 1994ರಲ್ಲಿ ನಾನು ಗುಲಬರ್ಗಾದಲ್ಲಿ, ಅಂದರೆ ಈಗಿನ ಕಲಬುರಗಿಯಲ್ಲಿ, ಬಿ.ಇಡಿ. ಮಾಡುವಾಗ ಎರಡು ವರ್ಷದ ಮಗನನ್ನು ಇಡೀ ವರ್ಷ ನೋಡಿಕೊಂಡವಳು ನನ್ನ ನೆಗೆಣ್ಣಿ. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ಪಾಠ ಹೇಳುವ ಪರೀಕ್ಷೆಗೆ ಬೇಕಾದ ಚಾರ್ಟುಗಳನ್ನು ಬರೆದುಕೊಟ್ಟವನು ನನ್ನ ಅಣ್ಣ. ಬಹಮನಿ ರಾಜ್ಯದ ನಕಾಶೆ ಎಷ್ಟು ಚೆಂದ ಬರೆದಿದ್ದನೆಂದರೆ ಪರೀಕ್ಷಕರು ಎಲ್ಲರಿಗೂ ಎತ್ತಿ ತೋರಿಸಿದರು. ನಾನು ತಲೆ ತಗ್ಗಿಸಿ ನಕ್ಕೆನೇ ಹೊರತು ಅಣ್ಣನ ಹೆಸರು ಹೇಳಲಿಲ್ಲ. ಆ ಅಂಕಗಳೂ ಸೇರಿ ಸಿಕ್ಕ ನೌಕರಿಯಲ್ಲೇ ಇಂದಿಗೂ ಸಂಬಳ ಎಣಿಸುತ್ತಿದ್ದೇನೆ.

ಹಾಗಾದರೆ ಬರೆದುಕೊಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ನಾಳೆ ಅವಳು ತರಗತಿಯಲ್ಲಿ ನಿಂತಾಗ ಬಾರದ ಪಾಠ ಬಾರದೇ ಉಳಿಯುತ್ತದೆ, ಅದರ ನಷ್ಟ ಮತ್ಯಾರದೋ ಮಗುವಿಗೆ. ತಪ್ಪು ತಪ್ಪೇ. ಆದರೆ ಅವಳ ಹೊತ್ತನ್ನೆಲ್ಲ ಉಂಡು, ಕೈ ತೊಳೆದು, ಕೊನೆಯ ಗಳಿಗೆಯಲ್ಲಿ ನೀತಿ ಹೇಳಲು ಕುಳಿತ ನನ್ನ ಪ್ರಾಮಾಣಿಕತೆ ಬಹಳ ಅಗ್ಗದ್ದು. ಅದಕ್ಕೆ ನನ್ನ ಗಂಟಿನಿಂದ ಒಂದು ಪೈಸೆಯೂ ಹೋಗಿರಲಿಲ್ಲ.

ಬೆಳಿಗ್ಗೆ ಭಾಷಣ ಮಾಡಲಿಲ್ಲ. ಶಾಲೆಗೆ ಮೂರು ದಿನ ಸಾಂದರ್ಭಿಕ ರಜೆ ಬರೆದು ಕಳಿಸಿ, ಅವಳನ್ನು ಮೇಲಿನ ಕೋಣೆಗೆ ಅಟ್ಟಿದೆ. ಒಲೆಯ ಮುಂದೆ ನಾನು ನಿಂತೆ. ಮಗನಿಗೆ ಮಗುವನ್ನು ಮಲಗಿಸುವ ಕೆಲಸ ಬಂತು. ಮೊದಲ ದಿನ ಮಗುವಿಗಿಂತ ಮೊದಲು ಅವನೇ ಮಲಗಿದ. ಆದರೂ ಒಂದೇ ಅಸೈನ್‌ಮೆಂಟ್ ಮುಗಿಯಿತು. ಇನ್ನೊಂದರ ಗಡುವು ತಪ್ಪಿತು. ಅದಕ್ಕಾಗಿ ಮುಂದಿನ ಸರತಿಯವರೆಗೆ ಕಾಯಬೇಕು. ಅವಳ ಪದವಿ ಆರು ತಿಂಗಳು ಹಿಂದೆ ಬಿತ್ತು. ಸೊಸೆ ನನ್ನನ್ನು ಹೊಗಳಲಿಲ್ಲ. “ಮೊದ್ಲಿಂದ ಹೀಂಗಾಗಿದ್ರ ಎರಡೂ ಆಗ್ತಿದ್ವು ಅತ್ತಿ,” ಎಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ವಾರ ಔರಾದಿನಲ್ಲಿರುವ ನೆಗೆಣ್ಣಿಗೆ ಫೋನು ಮಾಡಿದೆ. ಎಷ್ಟೋ ದಿನಗಳಾಗಿದ್ದವು. ಗುಲಬರ್ಗಾದ ಆ ವರ್ಷದ ಮಾತು ತೆಗೆದು, ನಿನ್ನ ಋಣ ಉಳಿದಿದೆ ನೋಡು ಎಂದೆ. ಅವಳು ನಕ್ಕಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಕ್ಕಾ, ಆಗ ನನಗೂ ಹತ್ತನೇದ್ದು ಕಟ್ಟಬೇಕಂತ ಇತ್ತು. ನಿಮ್ಗ ಹೇಳಿರ್ಲಿಲ್ಲ,” ಎಂದಳು.