ಬೊರಿವಲಿಯ ಬಂಡೆಯಲ್ಲಿ ನೃಪತುಂಗ

ಊರಿನಿಂದ ನೆಂಟರು ಬಂದರೆ ಮುಂಬಯಿಯ ಕನ್ನಡಿಗರ ಮನೆಯಲ್ಲಿ ತಿರುಗಾಟದ ಪಟ್ಟಿ ಸಿದ್ಧವಾಗಿಯೇ ಇರುತ್ತದೆ. ಬೆಳಿಗ್ಗೆ ಸಿದ್ಧಿವಿನಾಯಕ, ಅಲ್ಲಿಂದ ಮಹಾಲಕ್ಷ್ಮಿ, ಮಧ್ಯಾಹ್ನ ಮಾಟುಂಗದಲ್ಲಿ ಊಟ, ಸಂಜೆ ಗೇಟ್‌ವೇ, ತಾಜ್ ಎದುರು ಒಂದು ಫೋಟೋ, ಕತ್ತಲಾದ ಮೇಲೆ ಮರೀನ್ ಡ್ರೈವ್. ಮಕ್ಕಳು ಹಟ ಹಿಡಿದರೆ ಜುಹು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಹೀಗೆ ನೋಡಿದ ಮುಂಬಯಿಗೆ ವಯಸ್ಸು ತೀರ ಕಡಿಮೆ. ಗೇಟ್‌ವೇ ಕಟ್ಟಿ ಮುಗಿದದ್ದು 1924ರಲ್ಲಿ, ತಾಜ್ ಬಾಗಿಲು ತೆರೆದದ್ದು 1903ರಲ್ಲಿ. ನಮ್ಮವರದೇ ಸಂಘವಾದ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ, ಅಂದರೆ ತಾಜ್‌ಗಿಂತ ಒಂದು ವರ್ಷಕ್ಕೆ ಹಿರಿದು!

ನಾವು ನಿಂತಿರುವುದು ದ್ವೀಪಗಳ ಮೇಲೆ ಎಂಬುದು ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಯಾರಿಗೂ ನೆನಪಾಗುವುದಿಲ್ಲ. ಕೊಲಾಬಾದಿಂದ ಮಾಹಿಮಿನವರೆಗಿನ ಏಳು ದ್ವೀಪಗಳನ್ನು ಮಣ್ಣು ತುಂಬಿ ಒಂದು ಮಾಡಿದ್ದು ಶಾಲೆಯ ಪಾಠ. 1661ರ ಮದುವೆಯ ಒಪ್ಪಂದದಲ್ಲಿ ಪೋರ್ತುಗೀಸ್ ರಾಜಕುಮಾರಿ ಕ್ಯಾಥರೀನಳ ಬಳುವಳಿಯಾಗಿ ಮುಂಬಯಿ ಇಂಗ್ಲೆಂಡಿನ ಎರಡನೇ ಚಾರ್ಲ್ಸನಿಗೆ ಸಿಕ್ಕಿತು. ಅವನು ಅದನ್ನು 1668ರಲ್ಲಿ ವರ್ಷಕ್ಕೆ ಹತ್ತು ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟುಬಿಟ್ಟ. ಇದೂ ಗೊತ್ತಿರುವ ಕತೆಯೇ. ಬಾಂದ್ರಾದಿಂದ ಬೊರಿವಲಿ, ಠಾಣೆಯವರೆಗಿನ ಉಪನಗರಗಳೂ ಇನ್ನೊಂದು ದ್ವೀಪ ಎಂಬುದು ಮಾತ್ರ ಅಲ್ಲಿಯೇ ಹುಟ್ಟಿ ಬೆಳೆದವರಿಗೂ ತಟ್ಟನೆ ಹೊಳೆಯುವುದಿಲ್ಲ. ಅದು ಸಾಷ್ಟಿ, ಇಂಗ್ಲಿಷರ ಬಾಯಲ್ಲಿ ಸಾಲ್ಸೆಟ್. ಪಶ್ಚಿಮಕ್ಕೆ ಕಡಲು, ಉತ್ತರಕ್ಕೆ ವಸಾಯಿ ಖಾಡಿ, ಪೂರ್ವಕ್ಕೆ ಠಾಣೆಯ ಖಾಡಿ.

ದ್ವೀಪ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಅಂಡಮಾನ್, ಇಲ್ಲವೇ ಕೆರಿಬಿಯನ್. ಆಂಟಿಗುವಾ ಎಂಬ ಹೆಸರು ಕೇಳಿದರೆ ಕನ್ನಡಿಗರಿಗೆ ವಿವ್ ರಿಚರ್ಡ್ಸ್‌ಗಿಂತ ಮೊದಲು ನೆನಪಾಗುವವರು 2002ರಲ್ಲಿ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡೇ ಚೆಂಡು ಹಿಡಿದು ಲಾರಾನ ವಿಕೆಟ್ ಕಿತ್ತ ಕುಂಬ್ಳೆ. ಅದೇ ಪುಟ್ಟ ದ್ವೀಪದಲ್ಲಿ ಬ್ರಿಟಿಷ್ ನೌಕಾಪಡೆಯ ಹಳೆಯ ಹಡಗುಕಟ್ಟೆಯೊಂದಿದೆ. ಕಟ್ಟಿದ ಕೈಗಳು ಆಫ್ರಿಕದಿಂದ ತಂದ ಗುಲಾಮರವು, ಹೆಸರು ಮಾತ್ರ ಅಡ್ಮಿರಲ್ ನೆಲ್ಸನ್‌ನದು. 1889ರಲ್ಲಿ ನೌಕಾಪಡೆ ಅದನ್ನು ಬಿಟ್ಟು ಹೋಯಿತು, ಕಟ್ಟಡಗಳು ಕುಸಿಯತೊಡಗಿದವು. 1951ರಲ್ಲಿ ಕೆಲವರು ಒಂದು ಗೆಳೆಯರ ಸಂಘ ಕಟ್ಟಿಕೊಂಡು ದುರಸ್ತಿಗೆ ಕೈ ಹಾಕಿದರು. 2016ರಲ್ಲಿ ಅದು ಯುನೆಸ್ಕೋ ಪಟ್ಟಿ ಸೇರಿತು. ಸಂಘ ಕಟ್ಟುವ ವಿಷಯದಲ್ಲಿ ಮುಂಬಯಿ ಕನ್ನಡಿಗರಿಗೆ ಯಾರೂ ಪಾಠ ಹೇಳಬೇಕಾಗಿಲ್ಲವಲ್ಲ, ಅದಕ್ಕೇ ಈ ಮಾತು ತೆಗೆದೆ.

ನಮ್ಮ ದ್ವೀಪಗಳಿಗೆ ಬರೋಣ. ಗೇಟ್‌ವೇಯಿಂದ ಲಾಂಚ್ ಹತ್ತಿದರೆ ಒಂದು ಗಂಟೆಯಲ್ಲಿ ಘಾರಾಪುರಿ, ಅಂದರೆ ಎಲಿಫೆಂಟಾ. 1987ರಿಂದ ವಿಶ್ವ ಪರಂಪರೆಯ ತಾಣ. ಮೂರು ಮುಖದ ಸದಾಶಿವನ ಬಗ್ಗೆ ಬರೆಯದವರಿಲ್ಲ, ನಾನು ಸೇರಿಸುವುದೇನೂ ಇಲ್ಲ. ಅದನ್ನು ಕೊರೆಸಿದ್ದು ಯಾರೆಂಬ ವಾದ ಮಾತ್ರ ಇನ್ನೂ ನಡೆದೇ ಇದೆ. ಕಳಚೂರಿಗಳು ಎನ್ನುವವರು ಹೆಚ್ಚು. ಗುಹೆಯಲ್ಲಿದ್ದ ಶಿಲಾಶಾಸನವೊಂದನ್ನು ಪೋರ್ತುಗೀಸರು ತಮ್ಮ ದೊರೆಗೆ ಕಳಿಸಿಕೊಟ್ಟರೆಂದು ಅವರದೇ ಚರಿತ್ರೆಕಾರ ದಿಯೋಗೊ ದೊ ಕೌಟೊ ಬರೆದಿದ್ದಾನೆ. ಆ ಕಲ್ಲು ಮತ್ತೆ ಸಿಗಲೇ ಇಲ್ಲ. ಐಹೊಳೆಯ ಮೇಗುಟಿ ಬಸದಿಯ ಗೋಡೆಯ ಮೇಲೆ, 634ರಲ್ಲಿ, ರವಿಕೀರ್ತಿ ತನ್ನ ದೊರೆ ಇಮ್ಮಡಿ ಪುಲಕೇಶಿಯು ಹಡಗುಗಳ ಪಡೆಯೊಂದಿಗೆ ಪಡುಗಡಲ ಪುರಿಯನ್ನು ಮುತ್ತಿದ್ದನ್ನು ಹಾಡಿಹೊಗಳಿದ್ದಾನೆ. ಆ ಪುರಿ ಈ ಘಾರಾಪುರಿಯೇ ಎನ್ನುವ ವಿದ್ವಾಂಸರಿದ್ದಾರೆ, ಅಲ್ಲ ಎನ್ನುವವರೂ ಇದ್ದಾರೆ. ದ್ವೀಪಕ್ಕೆ ಹೆಸರು ಕೊಟ್ಟ ಕಲ್ಲಿನ ಆನೆ ಮಾತ್ರ ಈಗ ಅಲ್ಲಿಲ್ಲ. 1864ರಲ್ಲಿ ಅದನ್ನು ಇಂಗ್ಲೆಂಡಿಗೆ ಸಾಗಿಸಲು ಹೋಗಿ, ಕ್ರೇನಿನ ಸರಪಳಿ ಹರಿದು, ಆನೆ ಬಿದ್ದು ಒಡೆಯಿತು. ಚೂರುಗಳನ್ನು ಕೂಡಿಸಿ ನಿಲ್ಲಿಸಿದ್ದನ್ನು ಭಾಯಖಳಾದ ರಾಣಿಬಾಗಿನ ಬಳಿ, ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಅಂಗಳದಲ್ಲಿ ನೋಡಬಹುದು.

ಘಾರಾಪುರಿಗೆ ಜನ ಹೋಗುತ್ತಾರೆ. ನನ್ನ ಶಿಫಾರಸು ಕಾನ್ಹೇರಿಗೆ.

ಬೊರಿವಲಿ ಪೂರ್ವದಲ್ಲಿ ಇಳಿದು, ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗೇಟು ದಾಟಿ, ಕಾಡಿನ ದಾರಿಯಲ್ಲಿ ಐದಾರು ಕಿಲೋಮೀಟರು ಒಳಗೆ ಹೋದರೆ ಕಪ್ಪು ಬಸಾಲ್ಟ್ ಬೆಟ್ಟವೊಂದರಲ್ಲಿ ನೂರಕ್ಕೂ ಹೆಚ್ಚು ಗುಹೆಗಳು. ಸುಮಾರು ಸಾವಿರ ವರ್ಷ ಬೌದ್ಧ ಭಿಕ್ಷುಗಳು ಇಲ್ಲಿ ಓದಿದರು, ಮಲಗಿದರು, ಮಳೆಗಾಲ ಕಳೆದರು. ಮೂರನೇ ಗುಹೆಯ ಚೈತ್ಯ ಶಾತವಾಹನ ಯಜ್ಞಶ್ರೀಯ ಕಾಲದ್ದು. ಕೊರೆಸಿದವರು ವರ್ತಕ ಅಣ್ಣತಮ್ಮಂದಿರು. ಅದರ ಮೊಗಸಾಲೆಯ ಎರಡು ಬದಿಗೆ ನಿಂತಿರುವ ಬುದ್ಧರು ಇಪ್ಪತ್ತು ಅಡಿಗೂ ಎತ್ತರ. ನನಗೆ ವಿಗ್ರಹಗಳಿಗಿಂತ ಹೆಚ್ಚಿಗೆ ಹಿಡಿಸುವುದು ನೀರಿನ ಏರ್ಪಾಡು. ಬಂಡೆಯ ನೆತ್ತಿಯಿಂದ ಸಣ್ಣ ಕಾಲುವೆಗಳನ್ನು ಕೊರೆದು ಮಳೆನೀರನ್ನು ಗುಹೆಗುಹೆಯ ಬಾಗಿಲಿನ ತೊಟ್ಟಿಗಳಿಗೆ ಇಳಿಸಿದ್ದಾರೆ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವ ಸೊಸೈಟಿಗಳ ಸೆಕ್ರೆಟರಿಗಳು ಒಮ್ಮೆ ಇದನ್ನು ನೋಡಿಕೊಂಡು ಬರಬೇಕು.

ಈ ಬೆಟ್ಟದ ಶಾಸನಗಳಲ್ಲಿ ನಮಗೆ ಬೇಕಾದವರೊಬ್ಬರಿದ್ದಾರೆ. 9ನೇ ಶತಮಾನದ ಮೂರು ಶಾಸನಗಳು ರಾಷ್ಟ್ರಕೂಟ ಅಮೋಘವರ್ಷನ ಹೆಸರು ಹೇಳುತ್ತವೆ. ಮೊದಲನೆಯದು ಸುಮಾರು ಕ್ರಿ.ಶ. 843ರದು, ಕೊನೆಯದು ಶಕ 799, ಅಂದರೆ 877ರ ಹೊತ್ತಿನದು. ಮಾನ್ಯಖೇಟದಲ್ಲಿ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಕೂತು ಅರವತ್ತು ವರ್ಷಕ್ಕೂ ಮಿಕ್ಕಿ ಆಳಿದ ಆ ನೃಪತುಂಗನೇ ಈ ಅಮೋಘವರ್ಷ. ಅವನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಮೂಡುತ್ತಿದ್ದ ಕಾಲದಲ್ಲೇ, ಅವನ ಸಾಮಂತರಾದ ಶಿಲಾಹಾರರು ಕೊಂಕಣವನ್ನು ಆಳುತ್ತ, ಬೊರಿವಲಿಯ ಬಂಡೆಯಲ್ಲಿ ತಮ್ಮ ಹೆಸರಿಗಿಂತ ಮೊದಲು ಅವನ ಹೆಸರನ್ನು ಬರೆಸುತ್ತಿದ್ದರು.

ಇದನ್ನು ಓದಿ ‘ಮುಂಬಯಿ ನಮ್ಮದಾಗಿತ್ತು’ ಎಂದು ಯಾರೂ ಎದೆ ತಟ್ಟಿಕೊಳ್ಳಬೇಡಿ. ಶಾಸನದ ಭಾಷೆ ಸಂಸ್ಕೃತ. ಸಾಮಂತನಿಗೆ ಒಲವು ಶಿವನಲ್ಲಿ, ಚಕ್ರವರ್ತಿಗೆ ಜಿನನಲ್ಲಿ, ದಾನ ಸಲ್ಲುವುದು ಬುದ್ಧನ ಸಂಘಕ್ಕೆ. ದಾನಿಗಳಲ್ಲೊಬ್ಬ ಗೌಡ ದೇಶದಿಂದ, ಇಂದಿನ ಬಂಗಾಳದಿಂದ ಬಂದ ಅವಿಘ್ನಾಕರ ಎಂಬ ಬುದ್ಧಭಕ್ತ. ನೂರು ದ್ರಮ್ಮಗಳನ್ನು ಇಡುಗಂಟಾಗಿ ಕೊಟ್ಟು, ಅದರಿಂದ ಭಿಕ್ಷುಗಳಿಗೆ ಧ್ಯಾನದ ಕೋಣೆಯೂ ಉಡುವ ಬಟ್ಟೆಯೂ ಆಗಲಿ ಎಂದು ಬರೆಸಿದ. ಬಂಗಾಳಿಯ ದುಡ್ಡು, ಕೊಂಕಣದ ಬೆಟ್ಟ, ಕನ್ನಡ ನಾಡಿನ ದೊರೆ! ಇನ್ನೂ ಒಂದೂವರೆ ಶತಮಾನದ ನಂತರ, 1009 ಮತ್ತು 1021ರಲ್ಲಿ, ಪಾರ್ಸಿಗಳ ತಂಡಗಳು ಈ ಬೆಟ್ಟ ನೋಡಲು ಬಂದವು. ತೊಂಬತ್ತನೆಯ ಗುಹೆಯಲ್ಲಿ ಪಹ್ಲವಿ ಲಿಪಿಯಲ್ಲಿ ತಾರೀಖು ಹಾಕಿ, ಬಂದವರ ಹೆಸರುಗಳನ್ನು ಒಂದೊಂದಾಗಿ ಕೆತ್ತಿ ಹೋದರು. ನಮ್ಮ ನೆಂಟರ ಹಾಗೆ ಅವರೂ ನೋಡಲು ಬಂದವರೇ. ಹೊರಗಿನವರು ಬಂದು ಮುಂಬಯಿಯನ್ನು ಕೆಡಿಸಿದರು ಎಂಬ ಮಾತು ಚುನಾವಣೆಗೊಮ್ಮೆ ಏಳುತ್ತದೆ. ಏಳಿಸುವವರಿಗೆ ಕಾನ್ಹೇರಿಯ ಟಿಕೆಟನ್ನು ನಾನೇ ಕೊಡಿಸಲು ಸಿದ್ಧ.

ಅಮೋಘವರ್ಷನ ಹೆಸರಿರುವ ಆ ಮೂರು ಶಾಸನಗಳಲ್ಲಿ ಮೊದಲನೆಯದರಲ್ಲಿ ಮಂತ್ರಿಯೊಬ್ಬ ಕೊಟ್ಟ ಹಣದ ಹಂಚಿಕೆಯೂ ಇದೆ: ವಿಹಾರದ ದುರಸ್ತಿಗೆ ಇಷ್ಟು, ಭಿಕ್ಷುಗಳ ಉಡುಪಾದ ಚೀವರಕ್ಕೆ ಇಷ್ಟು, ಪುಸ್ತಕಗಳಿಗೆ ಇಷ್ಟು. ಕಟ್ಟುವುದಕ್ಕೆ ಕೊಡುವವರು ಎಲ್ಲ ಕಾಲದಲ್ಲೂ ಸಿಗುತ್ತಾರೆ. ದುರಸ್ತಿಗೆ ಎಂದು ಹೆಸರಿಸಿ ಕೊಡುವವನು ಅಪರೂಪ. ಇಂದಿನ ಮುಂಬಯಿಯಲ್ಲಿ ಈ ಗುಣ ಎಷ್ಟು ಕಡಿಮೆ ಎಂದು ತಿಳಿಯಬೇಕಾದರೆ ಸಯನ್ ಕೋಟೆ ಹತ್ತಿ. ಇಂಗ್ಲಿಷರ ಪರೇಲ್ ದ್ವೀಪ ಮುಗಿದು ಪೋರ್ತುಗೀಸರ ಸಾಷ್ಟಿ ಶುರುವಾಗುವ ಗಡಿಯನ್ನು ಕಾಯಲು 1669ರಿಂದ 1677ರ ನಡುವೆ ಕಟ್ಟಿದ ಕೋಟೆ ಅದು. ಮಾಟುಂಗದ ನಮ್ಮ ಜನರಿಗೆ ಕಾಲ್ನಡಿಗೆಯ ದೂರ. ಗೋಡೆಗಳ ತುಂಬ ಪ್ರೇಮಿಗಳ ಹೆಸರು, ಬಾಣ ನೆಟ್ಟ ಹೃದಯ. ಪಾರ್ಸಿಗಳೂ ಕೆತ್ತಿದ್ದರಲ್ಲ ಎಂದು ಯಾರಾದರೂ ತಕರಾರು ತೆಗೆದಾರು. ಅವರ ಕಾಲಕ್ಕೆ 1958ರ ಸ್ಮಾರಕ ಕಾಯ್ದೆ ಇರಲಿಲ್ಲ. ಈಗ ರಾಷ್ಟ್ರೀಯ ಸ್ಮಾರಕವನ್ನು ಕೆಡಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ.

ಮುಂಬಯಿಯ ನಮ್ಮ ಸಂಘಗಳು ನಾಟಕ, ಯಕ್ಷಗಾನ, ಸನ್ಮಾನ, ವಿದ್ಯಾರ್ಥಿವೇತನ ಎಲ್ಲವನ್ನೂ ಚೆನ್ನಾಗಿ ನಡೆಸುತ್ತವೆ. ನವೆಂಬರಿನಲ್ಲಿ ರಾಜ್ಯೋತ್ಸವವೂ ಇದೆ. ಈ ಸಲ ಭಾಷಣದ ಸಮಯ ಸ್ವಲ್ಪ ಮೊಟಕು ಮಾಡಿ, ಒಂದು ಭಾನುವಾರ ಮಕ್ಕಳನ್ನೂ ಶಾಸನ ಓದಬಲ್ಲ ಒಬ್ಬ ಅಧ್ಯಾಪಕರನ್ನೂ ಬಸ್ಸಿನಲ್ಲಿ ಕೂರಿಸಿ ಕಾನ್ಹೇರಿಗೆ ಕರೆದೊಯ್ಯಲಿ. ಕವಿರಾಜಮಾರ್ಗವನ್ನು ಕನ್ನಡ ಪಠ್ಯದಲ್ಲಿ ಒಂದು ಅಂಕದ ಪ್ರಶ್ನೆಯಾಗಿ ಬಾಯಿಪಾಠ ಮಾಡಿದ ಹುಡುಗಿ, ಆ ದೊರೆಯ ಹೆಸರು ತನ್ನ ಊರಿನ ಕಲ್ಲಿನಲ್ಲೇ ಇರುವುದನ್ನು ಕಣ್ಣಾರೆ ಕಾಣಲಿ.

ಮಳೆಗಾಲದಲ್ಲಿ ಹೋದರೆ ಕಾಲುವೆಗಳಲ್ಲಿ ನೀರು ಹರಿಯುವುದು ಕಾಣುತ್ತದೆ, ಆದರೆ ಬಂಡೆ ಜಾರುತ್ತದೆ, ವಯಸ್ಸಾದವರನ್ನು ಆಗ ಕರೆದೊಯ್ಯಬೇಡಿ. ಮಂಗಗಳಿವೆ, ತಿಂಡಿಯ ಪೊಟ್ಟಣ ಕೈಯಲ್ಲಿ ಹಿಡಿಯಬೇಡಿ. ಸೋಮವಾರ ಉದ್ಯಾನಕ್ಕೂ ರಜೆ, ಎಲಿಫೆಂಟಾಕ್ಕೂ ರಜೆ.